ಹಾರಿದವಳಿಗೆ, ರೆಕ್ಕೆ ಕಟ್ಟಿದವಳಿಂದ

ಜನವರಿ 11

ಪ್ರೀತಿಯ ಕಡ್ಡಿಗೆ,

ಅಕ್ಕನ ಆಶೀರ್ವಾದ. ಅಪ್ಪ ಗಟ್ಟಿಮುಟ್ಟಾಗಿದ್ದಾರೆ. ನಿನ್ನ ಭಾವನ ಸೊಂಟನೋವು ಮೊದಲಿಗಿಂತ ವಾಸಿ. ಸೈಕಲ್ ಅಂಗಡಿ ಹೇಗೋ ನಡೆಯುತ್ತಿದೆ. ನನ್ನ ಕ್ಷೇಮಸಮಾಚಾರ ಮುಂದೆ ಓದುತ್ತಾ ಹೋದರೆ ನಿನಗೇ ತಿಳಿಯುತ್ತದೆ.

ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನೀನು ಪೆಡಲ್ ವಿಮಾನ ತುಳಿದುಕೊಂಡು ಆಕಾಶದಲ್ಲಿ ಸರೋವರ ದಾಟಿ ಎರಡು ತಿಂಗಳಾಗುತ್ತಾ ಬಂತು. ಈ ಊರಿನಲ್ಲಿ ನಿನಗೆ ಶುಭಾಶಯ ಹೇಳದೆ ಉಳಿದವಳು ನಾನೊಬ್ಬಳೇ ಇರಬೇಕು. ಎದುರಿನ ಕ್ಷೌರದಂಗಡಿಯವನು ಕೂಡ ನಿನಗೆ ಕಾರ್ಡು ಹಾಕಿದನಂತೆ. ನಿನ್ನ ತಲೆಗೂದಲು ಕತ್ತರಿಸಿದ್ದು ಒಂದೇ ಒಂದು ಸಲ, ಅದೂ ವಕ್ರವಾಗಿ, ಆದರೂ ಈಗ ಎಲ್ಲರೆದುರು ನಿನ್ನನ್ನು ತಾನೇ ಎತ್ತಿ ಬೆಳೆಸಿದ ಹಾಗೆ ಮಾತಾಡುತ್ತಾನೆ.

ಫೋನ್ ಮಾಡಬಹುದಿತ್ತು. ಮಾಡಲಿಲ್ಲ. 'ತುಂಬಾ ಸಂತೋಷ ಆಯ್ತು' ಎಂದು ನಾನು ಹೇಳಿದರೆ, ಆ ಸಂತೋಷ ಗಂಟಲಿನಿಂದ ಹೊರಡುವ ಸದ್ದಿನಲ್ಲೇ ನಿನಗೆ ಎಲ್ಲ ಗೊತ್ತಾಗಿಬಿಡುತ್ತಿತ್ತು. ಕಾಗದದಲ್ಲಾದರೆ ಮುಚ್ಚಿಡಬಹುದು ಎಂದುಕೊಂಡು ಬರೆಯಲು ಕೂತೆ. ಬರೆದೆ, ಹರಿದೆ, ಮತ್ತೆ ಬರೆದೆ. ಎಲ್ಲದರಲ್ಲೂ ಸುಳ್ಳು ಹಲ್ಲುಕಿರಿಯುತ್ತಿತ್ತು. ಹಾಗಾಗಿ ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚು, ಕಡ್ಡಿ. ಸಣ್ಣಪುಟ್ಟದ್ದಲ್ಲ. ಬೆಳಿಗ್ಗೆ ಏಳುವಾಗಲೇ ನನಗಿಂತ ಮೊದಲು ಎದ್ದು ಕೂತಿರುತ್ತದೆ.

ಅಪ್ಪ ಪೇಪರಿನಲ್ಲಿ ಬಂದ ನಿನ್ನ ಚಿತ್ರಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ, ಟೈರುಗಳು ನೇತಾಡುವ ಗೋಡೆಯ ಮೇಲೆ ತೂಗುಹಾಕಿದ್ದಾರೆ. ಗಾಳಿ ತುಂಬಿಸಿಕೊಳ್ಳಲು ಬಂದವರಿಗೂ ಪೂರ್ತಿ ಕಥೆ. ನೀನು ಎಲ್ಲಿಂದ ಹೊರಟೆ, ನೀರಿನ ಮೇಲೆ ಎಷ್ಟು ಎತ್ತರದಲ್ಲಿದ್ದೆ, ಬಾತುಕೋಳಿಗಳು ಹೇಗೆ ಹೆದರಿ ಎದ್ದವು, ಎಲ್ಲವನ್ನೂ ತಾವೇ ಪಕ್ಕದಲ್ಲಿ ಹಾರಿದವರಂತೆ ವರ್ಣಿಸುತ್ತಾರೆ. ಮೊನ್ನೆ ಒಬ್ಬ ಗಿರಾಕಿ ಚಿತ್ರ ನೋಡಿ ನನ್ನ ಕಡೆ ತಿರುಗಿ, "ಓ, ಇವ್ರೇನಾ ಹಾರಿದ್ದು?" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ, "ಅಯ್ಯೋ, ಇವಳಲ್ಲ! ಇವಳು ದೊಡ್ಡವಳು. ರಿಪೇರಿ ನೋಡ್ಕೋತಾಳೆ" ಎಂದರು. ಆಗ ನಾನು ಒಂದು ಚಕ್ರ ಬಿಗಿ ಮಾಡುತ್ತಿದ್ದೆ. ಕಡ್ಡಿ ಪಟ್ಟನೆ ಮುರಿಯಿತು. ಚಕ್ರದ ಕಡ್ಡಿ. ನೀನಲ್ಲ.

ಇನ್ನೊಂದು ಮಾತು. ಆ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿದ್ದೇನೆ. ನಿನ್ನ ಮುಖವನ್ನಲ್ಲ, ರೆಕ್ಕೆಯನ್ನು. ಬಲ ರೆಕ್ಕೆಯ ತುದಿಯ ಹತ್ತಿರ ಪ್ಲಾಸ್ಟಿಕ್ ಹಾಳೆ ಸುಕ್ಕುಗಟ್ಟಿದೆ. ಹಾಳೆ ಬಿಗಿಯಲೆಂದು ಬಿಸಿಗಾಳಿ ಹಾಯಿಸುವಾಗ ಯಾರೋ ಅವಸರ ಮಾಡಿದ್ದಾರೆ. ಅದನ್ನು ಕಂಡು ನನಗೆ ಎಷ್ಟು ಖುಷಿಯಾಯಿತೆಂದರೆ ಆ ಹೊತ್ತು ಎರಡು ತುತ್ತು ಹೆಚ್ಚು ಉಂಡೆ. ಆಮೇಲೆ, ಆ ಸುಕ್ಕಿನ ಕೆಳಗೆ ಕೂತು ನೀನು ಅಷ್ಟು ನೀರಿನ ಮೇಲೆ ಹೋಗಿದ್ದೀಯಲ್ಲಾ ಎಂದು ಎದೆ ಧಸಕ್ಕೆಂದಿತು. ಅವರಿಗೆ ಹೇಳು. ಹಾಳೆಯನ್ನು ತುದಿಯಿಂದ ಶುರು ಮಾಡಬಾರದು, ನಡುವಿನಿಂದ ಬಿಸಿ ಮಾಡುತ್ತಾ ಹೋಗಬೇಕು. ನಾನು ಹೇಳಿದೆ ಎಂದು ಹೇಳಬೇಡ. ಅಥವಾ ಹೇಳು.

ಚಿಕ್ಕವರಿದ್ದಾಗ ಅಪ್ಪ ಪಂಕ್ಚರ್ ಹಾಕುತ್ತಾ ಹೇಳುತ್ತಿದ್ದ ಕಥೆಗಳು ನಿನಗೆ ನೆನಪಿವೆಯೇ? ತೋಳಿಗೆ ರೆಕ್ಕೆ ಕಟ್ಟಿಕೊಂಡು ಗೋಪುರದಿಂದ ನೆಗೆದವರು, ಕಾಲು ಮುರಿದುಕೊಂಡವರು, ಜೀವವನ್ನೇ ಕಳೆದುಕೊಂಡವರು. ತೋಳಿನಲ್ಲಿ ಅಷ್ಟು ಬಲವಿಲ್ಲ, ಮನುಷ್ಯ ಹಾರಬೇಕಾದರೆ ಕಾಲಿನಿಂದಲೇ ಎಂದು ತಿಳಿಯಲು ಎಷ್ಟೋ ಶತಮಾನ ಹಿಡಿಯಿತು ನೋಡು ಎಂದು ಅಪ್ಪ ತೊಡೆ ತಟ್ಟಿಕೊಳ್ಳುತ್ತಿದ್ದರು. ನೀನು ಗೋಪುರದವರ ಕಥೆ ಕೇಳಿ ನಗುತ್ತಿದ್ದೆ. ನನಗೆ ಈಗೀಗ ಬೇರೆಯದೊಂದು ಕಥೆ ಬಿಡದೆ ಕಾಡುತ್ತಿದೆ. ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ಪೆಡಲ್ ವಿಮಾನ ಮೊದಲ ಸಲ ತನ್ನ ಬಲದಿಂದಲೇ ನೆಲ ಬಿಟ್ಟಿತು. ಅದೇ ದೇಶದಲ್ಲಿ ಇನ್ನೊಂದು ತಂಡವೂ ಹಾಗೆಯೇ ಬೆವರು ಸುರಿಸಿ ಒಂದು ವಿಮಾನ ಕಟ್ಟಿತ್ತು. ಅವರದೂ ಹಾರಿತು, ಒಂದೇ ಒಂದು ವಾರ ತಡವಾಗಿ. ಮುಂದೆ ಅವರೇ ಹೆಚ್ಚು ದೂರ ಹಾರಿದರು. ಆದರೂ ಆ ಒಂದು ವಾರ, ಕಡ್ಡಿ. ಮೊದಲನೆಯವರ ಸುದ್ದಿ ಬಂದ ಬೆಳಿಗ್ಗೆ ಈ ಎರಡನೆಯವರು ಅಂಟಿನ ಡಬ್ಬಿ ಮುಚ್ಚಳ ತೆಗೆದು ಕೂತಿದ್ದಿರಬೇಕು. ಅವರು ಏನು ಮಾತಾಡಿಕೊಂಡಿರಬಹುದು?

ನಮ್ಮ ಪೆಡಲ್ ವಿಮಾನ ಮಿಡತೆ ಇನ್ನೂ ಹಳೆಯ ಹತ್ತಿ ಗೋದಾಮಿನಲ್ಲೇ ಇದೆ. ನೀನು ಬಿಟ್ಟುಹೋದಾಗ ಹೇಗಿತ್ತೋ ಹಾಗೇ. ಕುಪ್ಪಳಿಸುವುದೇ ಹೊರತು ಹಾರುವುದಿಲ್ಲ ಎಂದು ನೀನೇ ಅದಕ್ಕೆ ಆ ಹೆಸರಿಟ್ಟೆ. ನಾಲ್ಕು ವರ್ಷ ನೀನು ತುಳಿದೆ, ನಾನು ಕಟ್ಟಿದೆ, ಮುರಿದದ್ದನ್ನು ಮತ್ತೆ ಕಟ್ಟಿದೆ. ಸರೋವರ ದಾಟಲು ಹೊರಟ ದೊಡ್ಡ ತಂಡದವರು ಕರೆದರು, ನೀನು ಹೋದೆ. ಅಲ್ಲಿ ಒಂದು ವರ್ಷವೂ ತುಂಬುವ ಮೊದಲೇ ಹಾರಿದೆ.

ಈಗ ನಾನೇ ಮಿಡತೆಯನ್ನು ಹಾರಿಸಬೇಕೆಂದಿದ್ದೇನೆ. ನಗಬೇಡ. ನಿನ್ನ ಭಾವ ನಕ್ಕಾಯಿತು.

ಶುಭಾಶಯಗಳು. ಇದನ್ನು ನಿಜವಾಗಿಯೇ ಬರೆದಿದ್ದೇನೆ.

ನಿನ್ನ ಅಕ್ಕ


ಫೆಬ್ರವರಿ 19

ಕಡ್ಡಿ,

ನಿನ್ನ ಪತ್ರವೂ ಪೊಟ್ಟಣವೂ ಒಟ್ಟಿಗೆ ಬಂದವು. ಹಾಳೆಯ ಸುರುಳಿ ಬಿಚ್ಚಿ ನೋಡಿದೆ. ನಮ್ಮ ಹಾಳೆಗಿಂತ ಅರ್ಧದಷ್ಟು ತೆಳು, ಎರಡರಷ್ಟು ಗಟ್ಟಿ. ಕೈಯಲ್ಲಿ ಹಿಡಿದರೆ ಹಿಡಿದದ್ದೇ ತಿಳಿಯುವುದಿಲ್ಲ. ಇದರಿಂದ ಹೊದಿಸಿದ ರೆಕ್ಕೆಯ ಮೇಲೆ ಯಾರು ಬೇಕಾದರೂ ಹಾರಿಯಾರು ಎನಿಸಿತು. ಸುರುಳಿಯನ್ನು ಮತ್ತೆ ಸುತ್ತಿ ಬೀರುವಿನ ಮೇಲೆ ಎಸೆದೆ. ನಿನ್ನ ಭಾವ ಕುರ್ಚಿ ಹತ್ತಿ ಅದನ್ನು ಕೆಳಗಿಳಿಸಿ, ಧೂಳು ಒರೆಸಿ, ಗೋದಾಮಿಗೆ ತಗೊಂಡು ಹೋದರು. ಈಗ ಅದು ಮಿಡತೆಯ ಮೈಮೇಲಿದೆ. ಉಪಕಾರ ಮಾಡಿದ್ದೀಯ. ಇದನ್ನು ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ, ಆದರೂ ಉಪಕಾರ ಉಪಕಾರವೇ.

ಪತ್ರದ ವಿಷಯಕ್ಕೆ ಬರುತ್ತೇನೆ. 'ಅಕ್ಕಾ, ನಿನಗೆ ಈ ವಯಸ್ಸಲ್ಲಿ ಯಾಕೆ ಈ ಉಸಾಬರಿ? ರಜೆ ಹಾಕಿ ನಾನೇ ಬರ್ತೀನಿ, ಮಿಡತೆನ ಹಾರಿಸಿಕೊಟ್ಟು ಹೋಗ್ತೀನಿ' ಎಂದು ಬರೆದಿದ್ದೀಯ. ಹಾರಿಸಿಕೊಟ್ಟು ಹೋಗುತ್ತೀಯ! ಮನೆಗೆ ಬಂದವಳು ಕೆಟ್ಟುಹೋದ ಮಿಕ್ಸಿ ರಿಪೇರಿ ಮಾಡಿಕೊಟ್ಟು ಹೋದ ಹಾಗೆ. ನಿನ್ನ ಮನಸ್ಸು ಒಳ್ಳೆಯದೇ, ನನಗೆ ಗೊತ್ತು. ನಿನ್ನ ಒಳ್ಳೆಯತನ ನನಗೆ ಮೈ ಉರಿಸುತ್ತದೆ. ಒಂದು ಸರೋವರ ನಿನಗೆ ಸಾಲದೇ? ಈ ಮಿಡತೆ ಹಾರಿದ್ದೂ ನಿನ್ನ ಲೆಕ್ಕಕ್ಕೇ ಹೋಗಬೇಕೇ? ಬರಬೇಡ. ಅಪ್ಪನನ್ನು ನೋಡಲು ಬಾ, ಊಟಕ್ಕೆ ಬಾ, ಜಗಳಕ್ಕೆ ಬೇಕಾದರೂ ಬಾ. ವಿಮಾನದ ಹತ್ತಿರ ಬರಬೇಡ.

ಅವಸರಕ್ಕೆ ಕಾರಣವಿದೆ. ಔಷಧ ಸಿಂಪಡಿಸುವ ವಿಮಾನಗಳು ಇಳಿಯುತ್ತಿದ್ದ ಆ ಹಳೆಯ ಓಡುಪಟ್ಟಿ, ನೀನು ಅಭ್ಯಾಸ ಮಾಡುತ್ತಿದ್ದದ್ದು, ಅದನ್ನು ಯಾರೋ ಕೊಂಡುಕೊಂಡಿದ್ದಾರೆ. ಮಾರ್ಚ್ ಮುಗಿಯುತ್ತಿದ್ದಂತೆ ಅಗೆದು ಉಗ್ರಾಣ ಕಟ್ಟುತ್ತಾರಂತೆ. ಆಮೇಲೆ ಮಿಡತೆಗೆ ಇಷ್ಟಗಲ ರೆಕ್ಕೆ ಬಿಚ್ಚಿ ನಿಲ್ಲಲು ಸುತ್ತಮುತ್ತ ಎಲ್ಲಿಯೂ ಜಾಗವಿಲ್ಲ. ಈಗ ಹಾರಬೇಕು, ಇಲ್ಲದಿದ್ದರೆ ಬಿಚ್ಚಿ ಗುಜರಿಗೆ ಹಾಕಬೇಕು.

ದಶಮಾಂಶ ಮೇಡಂ ಗೊತ್ತಲ್ಲ, ಹೈಸ್ಕೂಲಿನ ಗಣಿತದವರು, ನಮ್ಮ ಲೆಕ್ಕವನ್ನೆಲ್ಲ ಅವರೇ ಮಾಡಿಕೊಡುತ್ತಿದ್ದದ್ದು. ಅವರ ಹತ್ತಿರ ಹೋಗಿ ನಾನು ಹಾರಬಹುದೇ ಎಂದು ಕೇಳಿದೆ. ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ನಿಮ್ಮ ತಂಗಿ ಎಷ್ಟಿದ್ರು?" ಎಂದರು.

"ಅವಳ ಮಾತು ಬಿಡಿ" ಎಂದೆ.

"ಬಿಡೋಕಾಗಲ್ಲ. ವಿಮಾನ ಕಟ್ಟಿದ್ದೇ ಅವರ ತೂಕಕ್ಕೆ."

ಅದು ನಿಜ. ಆ ಆಸನ, ಪೆಡಲಿನ ದೂರ, ಚುಕ್ಕಾಣಿಯ ಹಿಡಿ, ಒಂದೊಂದನ್ನೂ ನಿನ್ನ ಮೈಯಳತೆಗೆ ಮಾಡಿದವಳು ನಾನೇ. ಈಗ ಒಳಗೆ ಕೂತರೆ ನಿನ್ನ ಅಂಗಿ ತೊಟ್ಟುಕೊಂಡ ಹಾಗೆ ಎಲ್ಲ ಕಡೆ ಬಿಗಿಯುತ್ತದೆ. ಮಂಡಿ ಚೌಕಟ್ಟಿಗೆ ತಾಗುತ್ತದೆ. ಪೆಡಲನ್ನು ಮುಂದಕ್ಕೆ ಸರಿಸಿದೆ, ಆಸನ ಕತ್ತರಿಸಿ ಅಗಲ ಮಾಡಿದೆ. ನಿನ್ನ ಅಳತೆಯ ಚೂರುಗಳು ನೆಲದ ಮೇಲೆ ಬಿದ್ದಾಗ ಗುಡಿಸಿ ಹೊರಗೆ ಹಾಕಿದೆ. ಇದರಲ್ಲಿ ಸ್ವಲ್ಪ ಸುಖ ಸಿಕ್ಕಿತು ಎಂದರೆ ನೀನು ತಪ್ಪು ತಿಳಿಯಬಾರದು.

ರಾತ್ರಿ ಊಟ ಅರ್ಧ ಮಾಡಿದ್ದೇನೆ. ಅಂಗಡಿಯ ಹಿಂದೆ ಸ್ಟ್ಯಾಂಡು ಹಾಕಿದ ಸೈಕಲ್ಲಿನ ಮೇಲೆ ದಿನಾ ತುಳಿಯುತ್ತೇನೆ. ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಾರೆ. "ಚಿಕ್ಕೋಳು ಹಿಮ್ಮಡಿ ಇಷ್ಟು ಕೆಳಗೆ ಬಿಡ್ತಿರಲಿಲ್ಲ" ಎನ್ನುತ್ತಾರೆ. "ಚಿಕ್ಕೋಳು ಉಸಿರು ಮೂಗಲ್ಲಿ ತಗೋತಿದ್ಳು" ಎನ್ನುತ್ತಾರೆ. ನಾನು ಬಾಯಲ್ಲೇ ಉಸಿರು ಬಿಡುತ್ತಾ ಇನ್ನೂ ಜೋರಾಗಿ ತುಳಿಯುತ್ತೇನೆ.

ನಿನ್ನ ತಂಡದಲ್ಲಿ ಪೆಡಲ್ ತುಳಿಯುವವಳು ಇನ್ನೊಬ್ಬಳಿದ್ದಾಳೆ, ಅವಳೂ ನಿನ್ನಷ್ಟೇ ಗಟ್ಟಿಗಿತ್ತಿ, ಆ ದಿನ ದೋಣಿಯಲ್ಲಿ ಕೂತು ನೀರಿನ ಬಾಟಲಿ ಹಿಡಿದುಕೊಂಡಿದ್ದಳು ಎಂದು ಬರೆದಿದ್ದೀಯ. ಅದನ್ನು ಓದಿ, ಸಮುದ್ರದ ಮೇಲೆ ದ್ವೀಪದಿಂದ ದ್ವೀಪಕ್ಕೆ ನಡೆದ ಆ ದೊಡ್ಡ ಹಾರಾಟ ನೆನಪಾಯಿತು. ಅದಕ್ಕೆಂದು ಐದು ಜನರನ್ನು ತಯಾರು ಮಾಡಿದ್ದರಂತೆ. ಗಾಳಿ ಸುಮ್ಮನಾದ ದಿನ ಸರದಿ ಯಾರದಿತ್ತೋ ಅವರು ಹೋದರು. ದಡ ಇನ್ನೇನು ಸಿಕ್ಕಿತು ಎನ್ನುವಾಗ ಗಾಳಿಗೆ ಬಾಲ ಮುರಿದು ವಿಮಾನ ನೀರಿಗೆ ಬಿತ್ತು, ಸವಾರ ಈಜಿ ದಡ ಸೇರಿದರು. ಆದರೂ ಅವರೇ ಹಾರಿದ್ದು. ಉಳಿದ ನಾಲ್ವರ ಕಾಲಿನಲ್ಲೂ ಅಷ್ಟೇ ಕಸುವಿತ್ತು. ಆ ನಿನ್ನ ಜೊತೆಯವಳನ್ನು ಚೆನ್ನಾಗಿ ನೋಡಿಕೋ. ನಗುತ್ತಾ ಬಾಟಲಿ ಕೊಟ್ಟಳು ಎಂದು ನಿಶ್ಚಿಂತೆಯಾಗಿರಬೇಡ.

ಸಾಕು. ಕಾಲು ನೋಯುತ್ತಿದೆ.

ನಿನ್ನ ಅಕ್ಕ


ಮಾರ್ಚ್ 27

ಪ್ರೀತಿಯ ಕಡ್ಡಿಗೆ,

ಅಕ್ಷರ ನನ್ನದಲ್ಲ ಎಂದು ಗಾಬರಿಯಾಗಬೇಡ. ಬಲಗಡೆಯ ಕೊರಳಮೂಳೆ ಮುರಿದಿದೆ, ತೋಳನ್ನು ಕುತ್ತಿಗೆಗೆ ಕಟ್ಟಿ ನೇತುಹಾಕಿದ್ದಾರೆ. ನಾನು ಹೇಳುತ್ತಿದ್ದೇನೆ, ನಿನ್ನ ಭಾವ ಬರೆಯುತ್ತಿದ್ದಾರೆ. (ಭಾವನ ಮಾತು: ನಿನ್ನ ಅಕ್ಕ ಚೆನ್ನಾಗಿದ್ದಾಳೆ. ಬೈಗುಳಗಳನ್ನು ನಾನು ಅಲ್ಲಲ್ಲಿ ಬಿಟ್ಟಿದ್ದೇನೆ.)

ನಾನು ಹಾರಿದೆ, ಕಡ್ಡಿ.

ಕಳೆದ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಎಲೆ ಅಲ್ಲಾಡುತ್ತಿರಲಿಲ್ಲ. ದಶಮಾಂಶ ಮೇಡಂ ಕೋಲಿಗೆ ಕಟ್ಟಿದ ರಿಬ್ಬನ್ನು ಸತ್ತಂತೆ ಇಳಿಬಿದ್ದಿತ್ತು. ರೆಕ್ಕೆಗಳನ್ನು ಜೋಡಿಸಿ, ಮಿಡತೆಯನ್ನು ಪಟ್ಟಿಯ ತುದಿಗೆ ತಂದು ನಿಲ್ಲಿಸಿದೆವು. ಬಾಲದ ಹತ್ತಿರ ನಿನ್ನ ಭಾವ, ಬಲ ರೆಕ್ಕೆಯ ತುದಿಗೆ ಮೇಡಂ. ಎಡ ರೆಕ್ಕೆಯ ತುದಿ ಹಿಡಿಯಲು ಯಾರೂ ಇರಲಿಲ್ಲ. ಮೇಡಂ ಎರಡು ಕಡೆ ಹೇಗೆ ಓಡುತ್ತಾರೆ ಎಂದು ಯೋಚಿಸುತ್ತಿರುವಾಗ ಅಪ್ಪ ಸೈಕಲ್ ತುಳಿದುಕೊಂಡು ಬಂದರು. ನಾನು ಕರೆದಿರಲಿಲ್ಲ. ಸೈಕಲ್ಲನ್ನು ಹುಲ್ಲಿನ ಮೇಲೆ ಒರಗಿಸಿ, ಚಪ್ಪಲಿ ಬಿಟ್ಟು, ರೆಕ್ಕೆಯ ತುದಿಗೆ ಬಂದು ನಿಂತರು.

"ಓಡೋಕಾಗುತ್ತಾ ಅಪ್ಪ?" ಎಂದೆ.

"ನೀನು ಹಾರೋಕಾಗುತ್ತಾ ನೋಡ್ಕೋ" ಎಂದರು.

ಒಳಗೆ ಕೂತರೆ ಅದು ವಿಮಾನವಲ್ಲ, ಗಾಜಿನ ಒಲೆ. ಹಾಳೆಯ ಒಳಗೆ ಉಸಿರೆಲ್ಲ ಹಬೆಯಾಗಿ ಮುಂದಿನದೇನೂ ಕಾಣುವುದಿಲ್ಲ. ನೀನು ಇದನ್ನು ನನಗೆ ಯಾವತ್ತೂ ಹೇಳಲಿಲ್ಲ. ಮೊದಲ ಓಟದಲ್ಲಿ ಚಕ್ರ ನೆಲ ಬಿಡಲೇ ಇಲ್ಲ. ಪಟ್ಟಿಯ ಕೊನೆಯವರೆಗೆ ಒಂದು ದುಬಾರಿ ಸೈಕಲ್ ಓಡಿಸಿದಂತಾಯಿತು, ಅಷ್ಟೇ. ಎಳೆದು ಹಿಂದಕ್ಕೆ ತಂದೆವು. ಮೇಡಂ "ಇವತ್ತಿಗೆ ಸಾಕು, ಬಿಸಿಲು ಏರಿದ್ರೆ ಗಾಳಿ ಏಳುತ್ತೆ" ಎಂದರು. ಇನ್ನೊಂದೇ ಸಲ ಎಂದೆ.

ಎರಡನೆಯ ಸಲ ಅರ್ಧ ಪಟ್ಟಿ ಮುಗಿಯುವಷ್ಟರಲ್ಲಿ ತೊಡೆಗಳಲ್ಲಿ ಬೆಂಕಿ ಹತ್ತಿಕೊಂಡಿತ್ತು. ಆಗ ಚಕ್ರದ ಸದ್ದು ನಿಂತಿತು. ಏನೋ ಕಳಚಿಹೋಯಿತು ಎಂದು ಹೆದರಿದೆ. ಕಳಚಿದ್ದು ನೆಲ. ಹಬೆ ಒರೆಸಿಕೊಂಡ ಜಾಗದಿಂದ ಕೆಳಗೆ ನೋಡಿದರೆ ಹುಲ್ಲು ಜಾರಿಹೋಗುತ್ತಿದೆ, ಹುಲ್ಲಿನ ಮೇಲೆ ನಮ್ಮ ನೆರಳು. ಅದರ ರೆಕ್ಕೆಗಳು ಎಷ್ಟು ಅಗಲ ಎಂದರೆ ಎರಡೂ ತುದಿ ನನಗೆ ಕಾಣಲಿಲ್ಲ. ಚೈನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ಹೊತ್ತಿನಲ್ಲಿ, ಕಡ್ಡಿ, ನಿನ್ನ ನೆನಪು ಬರಲಿಲ್ಲ. ನವೆಂಬರಿನಿಂದ ಮೊದಲ ಸಲ ನೀನು ನನ್ನ ತಲೆಯಲ್ಲಿ ಇರಲಿಲ್ಲ. ಎಷ್ಟು ಹಗುರವಾಗಿತ್ತು ಗೊತ್ತೇ?

ಆಗ ಹಿಂದಿನಿಂದ ಅಪ್ಪನ ಕೂಗು ಕೇಳಿಸಿತು. ರೆಕ್ಕೆ ಕೈಬಿಟ್ಟ ಮೇಲೂ ಅವರು ಓಡಿಬರುತ್ತಲೇ ಇದ್ದರಂತೆ. ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು.

"ತುಳಿ ಕಡ್ಡೀ! ತುಳಿ! ತುಳಿ ಕಡ್ಡೀ!"

ಅಲ್ಲಿದ್ದವಳು ನಾನು. ಎದೆಯೆತ್ತರದಲ್ಲಿ, ನಾನು ಕಟ್ಟಿದ ವಿಮಾನದಲ್ಲಿ, ನನ್ನ ಕಾಲಿನ ಬಲದ ಮೇಲೆ. ಅಪ್ಪ ಕೂಗಿದ್ದು ನಿನ್ನನ್ನು.

ಒಂದು ಕ್ಷಣ ಪೆಡಲ್ ನಿಂತೇಹೋಯಿತು. ಮಿಡತೆ ಕೆಳಗೆ ಕುಸಿಯಿತು. ಆಮೇಲೆ ಎಲ್ಲಿತ್ತೋ ಆ ಸಿಟ್ಟು, ಕಾಲಿಗೆ ಇಳಿಯಿತು. ತುಳಿದೆ. ಅಪ್ಪನ ಮೇಲೆ ತುಳಿದೆ, ನಿನ್ನ ಮೇಲೆ ತುಳಿದೆ, ಗೋಡೆಯ ಮೇಲಿನ ಆ ಕಟ್ಟು ಹಾಕಿದ ಚಿತ್ರದ ಮೇಲೆ ತುಳಿದೆ. ಮತ್ತೆ ಮೇಲಕ್ಕೆದ್ದೆ. ಹೋದ ದೂರದಲ್ಲಿ ಅರ್ಧಕ್ಕರ್ಧ ಆ ಸಿಟ್ಟಿನದೇ ಎಂದು ನನ್ನ ಲೆಕ್ಕ. ಮೇಡಂ ಆಮೇಲೆ ಟೇಪು ಹಿಡಿದು ಅಳೆದರು. ನೂರ ಹದಿನೆಂಟು ದಶಮಾಂಶ ಆರು ಮೀಟರ್. ಅರವತ್ತೊಂದರ ಆ ವಿದ್ಯಾರ್ಥಿಗಳ ವಿಮಾನ ಮೊದಲ ಸಲ ಹೋದದ್ದು ಅರವತ್ತನಾಲ್ಕು ಮೀಟರ್. ಅವರನ್ನು ಹಿಂದೆ ಹಾಕಿದೆ. ನಿನ್ನನ್ನು ಹಾಕಲಿಲ್ಲ. ನಿನ್ನದು ಅರ್ಧ ಗಂಟೆ, ನನ್ನದು ನೀರು ಕುಡಿದು ಲೋಟ ಕೆಳಗಿಡುವಷ್ಟು ಹೊತ್ತು.

ಅಷ್ಟು ದೂರ ಹಾರುವಷ್ಟರಲ್ಲಿ ಪಕ್ಕದಿಂದ ಗಾಳಿ ಬೀಸಿತು. ಮೇಡಂ ಹೇಳಿದ ಗಾಳಿಯೇ. ಬಲ ರೆಕ್ಕೆ ನೆಲಕ್ಕೆ ತಾಗಿತು, ನಡುವಿನ ಕೊಳವೆ ಮುರಿದ ಸದ್ದು ಕೇಳಿತು, ಮತ್ತೆ ನಾನು ಹುಲ್ಲಿನ ಮೇಲೆ ಹಾಳೆ ಸುತ್ತಿಕೊಂಡು ಬಿದ್ದಿದ್ದೆ. ಮಿಡತೆ ಇನ್ನಿಲ್ಲ. ಕೂಡಿಸಲು ಏನೂ ಉಳಿದಿಲ್ಲ.

ಅಪ್ಪ ಏದುಸಿರು ಬಿಡುತ್ತಾ ಬಂದು ಹಾಳೆ ಹರಿದು ನನ್ನನ್ನು ಹೊರಗೆ ತೆಗೆದರು. "ಎಲ್ಲಿ ನೋವು, ಎಲ್ಲಿ?" ಎಂದು ಕೇಳುತ್ತಿದ್ದರು. ನಾನು, "ನಾನು ಕಡ್ಡಿ ಅಲ್ಲ ಅಪ್ಪ" ಎಂದೆ. ತಲೆಗೆ ಪೆಟ್ಟುಬಿದ್ದು ಮಾತಾಡುತ್ತಿದ್ದೇನೆ ಎಂದು ತಿಳಿದು ಅವರು ಅತ್ತುಬಿಟ್ಟರು.

ಆಸ್ಪತ್ರೆಯಲ್ಲಿ ಎಲ್ಲ ಸಮಾಧಾನವಾದ ಮೇಲೆ ಬಿಡದೆ ಕೇಳಿದೆ. ನನ್ನನ್ನು ಯಾಕೆ ಹಾಗೆ ಕೂಗಿದಿರಿ ಎಂದು. ಅಪ್ಪ ಹಾಸಿಗೆಯ ಕಂಬಿ ಸವರಿದರು. "ಹಾರ್ತಾ ಇತ್ತಲ್ಲಮ್ಮ" ಎಂದರು. "ಹಾರೋದು ಅಂದ್ರೆ ಅವಳ ಹೆಸರೇ ಬಾಯಿಗೆ ಬಂತು." ಅಪ್ಪನಿಗೆ ಸುಳ್ಳು ಹೇಳಲು ಬರುವುದಿಲ್ಲ. ಒಂದು ಸುಳ್ಳು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಹೊಟ್ಟೆಕಿಚ್ಚು ಹೋಯಿತೇ ಎಂದು ನೀನು ಕೇಳಬಹುದು. ಇಲ್ಲ. ಬೇರೆ ಥರದ್ದಾಗಿದೆ. ಮೊದಲು ನಿನ್ನ ಹೆಸರಿಗೆ, ನಿನ್ನ ಚಿತ್ರಕ್ಕೆ ಉರಿಯುತ್ತಿದ್ದೆ. ಈಗ ಆ ಅರ್ಧ ಗಂಟೆಗೆ ಉರಿಯುತ್ತೇನೆ. ಅಷ್ಟು ಹೊತ್ತು ನೀನು ಅಲ್ಲಿದ್ದೆಯಲ್ಲಾ ಎಂದು. ಅದನ್ನು ಒಮ್ಮೆ ಕಂಡವರು ಎಲ್ಲಿ ಅದು ಸಿಗುತ್ತದೋ ಅಲ್ಲಿಗೆ ಹೋಗಿಯೇ ಹೋಗುತ್ತಾರೆ. ನಾನಾಗಿದ್ದರೂ ಗೋದಾಮು ಬಿಟ್ಟು ಹೊರಟುಬಿಡುತ್ತಿದ್ದೆ.

ಬೇಸಿಗೆಯಲ್ಲಿ ಕಡಲು ದಾಟುತ್ತೀಯಂತೆ. ಅಪ್ಪ ಈಗಾಗಲೇ ಊರಿಗೆಲ್ಲ ಸಾರಿಯಾಯಿತು. ಗಾಳಿ ಸುಮ್ಮನಿರಲಿ. ಕಾಲಿಗೆ ಸೆಳೆತ ಬರದಿರಲಿ. ಬೇಗ ಆಚೆ ದಡ ಸಿಗಲಿ. ದೊಡ್ಡವಳಾಗಿ ಇಷ್ಟನ್ನು ಮನಸಾರೆ ಹರಸುತ್ತೇನೆ.

ನಿನ್ನ ಅಕ್ಕ

ಮರೆತ ಮಾತು: ಭಾವ ಸ್ಟ್ಯಾಂಪು ತರಲು ಹೋಗಿದ್ದಾರೆ. ಇದು ನನ್ನ ಎಡಗೈ, ಓದಲು ಕಷ್ಟವಾದರೂ ಓದು. ನೀನು ಹೊರಟ ದಿನ ಗೋದಾಮಿನ ಬಾಗಿಲಲ್ಲಿ ನಿಂತು, ಮಾತಿಗೆ ಮಾತು ಬಂದು, "ಅವರಿಗೆ ರೆಕ್ಕೆ ಕಟ್ಟೋರೂ ಬೇಕಾಗಿತ್ತಂತೆ ಅಕ್ಕ, ಯಾರೋ ಸಿಕ್ಕಿದ್ರಂತೆ" ಎಂದೆ ನೀನು. ಚೀಲ ಹೆಗಲಿಗೇರಿಸಿಕೊಂಡು ಹೋದೆ. ನನ್ನ ಕೈಯಲ್ಲಿ ಅಂಟು ಒಣಗುತ್ತಿತ್ತು. ನೀನು ಕರೆದಿದ್ದರೂ ನಾನು ಬರುತ್ತಿರಲಿಲ್ಲ. ಅಂಗಡಿ ಇತ್ತು, ಅಪ್ಪ ಇದ್ದರು, ಇವರ ಸೊಂಟ ಇತ್ತು. ಖಂಡಿತ ಬರುತ್ತಿರಲಿಲ್ಲ. ಆದರೂ ಒಂದು ಮಾತು ಕರೆಯಬೇಕಿತ್ತು ಕಣೇ.